ಕಲ್ಲು ನಾಡಿನ ಗಾಲಿ, ಒಂದು ದಿನದ ದಾರಿ

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಒಂದು ಚಪ್ಪಡಿ ಇದೆ. ಉದ್ದ 41 ಅಡಿ 8 ಅಂಗುಲ. ಜೋಡಿಸಿದ್ದಲ್ಲ, ಒಂದೇ ಕಲ್ಲು. ಅದರ ಮೇಲೆ ಶಕ 1216ರ, ಎಂದರೆ ಕ್ರಿ.ಶ. 1294ರ ತೆಲುಗು ಶಾಸನವಿದೆ. ಕಾಕತೀಯರ ದಂಡನಾಯಕ ವಿಠ್ಠಲನಾಥ ಆದವಾನಿ, ತುಂಬಳ, ಮಾನುವ ಮತ್ತು ಹಾಲುವ ಕೋಟೆಗಳನ್ನು ಗೆದ್ದು, ರಾಯಚೂರಿಗೆ ಬಂದು, ಜನರ ರಕ್ಷಣೆಗಾಗಿ ಈ ಗೋಡೆ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಇದರಲ್ಲಿ ಬರುವ ಮಾನುವವೇ ಇಂದಿನ ಮಾನ್ವಿ.

ಶಾಸನವನ್ನು ಓದಲು ಪಂಡಿತರು ಬೇಕು. ಆದರೆ ಅದೇ ಗೋಡೆಯಲ್ಲಿ ಗೆರೆಗಳಲ್ಲಿ ಕೊರೆದಿರುವ ಚಿತ್ರವನ್ನು ಓದಲು ಅಕ್ಷರ ಬರಬೇಕಿಲ್ಲ. ಈ ಮಹಾಶಿಲೆಯನ್ನು ಗಣಿಯಿಂದ ಕೋಟೆಗೆ ತಂದ ಬಗೆ ಅಲ್ಲಿದೆ. ಗಾಲಿಗಳ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು, ಅವುಗಳನ್ನು ಹುರಿದುಂಬಿಸುತ್ತಿರುವ ಆಳುಗಳು. ಗಾಲಿಯೂ ಕಲ್ಲೂ ಎದುರುಬದುರಾದಾಗ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ದಂಡನಾಯಕನ ಹೆಸರು ಉಳಿದಿದೆ. ಗಾಲಿಯನ್ನು ನೂಕಿದವರ ಹೆಸರು ಉಳಿದಿಲ್ಲ, ಆಕಾರ ಮಾತ್ರ ಉಳಿದಿದೆ.

ಬೆಟ್ಟಗಾಡಿನಲ್ಲಿ ಹಗಲೆಲ್ಲ ಸೈಕಲ್ ತುಳಿಯುವ ದೂರಪ್ರವಾಸ ಇಂದು ಜಗತ್ತಿನಲ್ಲೆಲ್ಲ ಒಂದು ಹವ್ಯಾಸವಾಗಿ ಬೆಳೆದಿದೆ. ಅದರ ಹೆಸರು ಕೇಳಿದೊಡನೆ ಹಿಮಾಲಯವೋ ಆಲ್ಪ್ಸ್ ಪರ್ವತವೋ ಕಣ್ಣ ಮುಂದೆ ಬರುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳನ್ನು ಆ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ಆದರೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ನೆಲದಲ್ಲಿ ಗಾಲಿ ಉರುಳಿಸುವುದು ಯಾವ ಕಾಲಕ್ಕೂ ಸುಲಭವಾಗಿರಲಿಲ್ಲ. ಒಂದು ದಿನದಲ್ಲಿ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಈ ಸೀಮೆಯ ಚರಿತ್ರೆಯನ್ನು ನೋಡಿದರೆ, ಕೋಣಗಳು ಎಳೆದ ಬಂಡಿಯಿಂದ ಗೇರಿನ ಸೈಕಲ್‌ವರೆಗೆ ಒಂದೇ ಕಥೆ ಮುಂದುವರಿದಂತೆ ಕಾಣುತ್ತದೆ.

ಹರದಾರಿ, ಗಾವುದ, ಮಜಲು

ಕಿಲೋಮೀಟರ್ ಬರುವ ಮೊದಲು, ಮೈಲಿಗಲ್ಲಿಗೂ ಮೊದಲು, ಕನ್ನಡ ನಾಡಿನ ದಾರಿಗೆ ಹರದಾರಿಯ ಲೆಕ್ಕವಿತ್ತು. ಒಂದು ಹರದಾರಿ ಎಂದರೆ ಸುಮಾರು 3 ಮೈಲಿ. ನಾಲ್ಕು ಹರದಾರಿ ಸೇರಿದರೆ ಒಂದು ಗಾವುದ. ರಾತ್ರಿ ತಂಗುವ ಜಾಗಕ್ಕೆ ಮಜಲು ಎಂದು ಹೆಸರು. ಈ ಅಳತೆಗಳು ಊರಿಂದೂರಿಗೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತಿದ್ದವು. ಅವು ನೆಲವನ್ನು ಅಳೆದ ಲೆಕ್ಕವಲ್ಲ, ಕಾಲಿನ ದಣಿವನ್ನು ಅಳೆದ ಲೆಕ್ಕ ಎಂದರೆ ಹೆಚ್ಚು ಸರಿಯಾದೀತು. ಏರು ಇದ್ದಲ್ಲಿ ಹರದಾರಿ ಗಿಡ್ಡ, ಬಯಲಿನಲ್ಲಿ ಉದ್ದ.

ಎತ್ತಿನ ಬಂಡಿ ಗಂಟೆಗೆ 3ರಿಂದ 4 ಕಿ.ಮೀ. ಸಾಗುತ್ತದೆ. ಎತ್ತುಗಳಿಗೆ ಮೇವು ಹಾಕಬೇಕು, ನೀರು ಕುಡಿಸಬೇಕು, ಮಧ್ಯಾಹ್ನದ ಬಿಸಿಲಿನಲ್ಲಿ ನೊಗ ಇಳಿಸಬೇಕು. ಹೀಗಾಗಿ ದಿನಕ್ಕೆ 25 ಕಿ.ಮೀ. ಆದರೆ ಚೆನ್ನಾಗಿ ನಡೆದಂತೆ. ರಾಯಚೂರಿನಿಂದ ಕಲಮಲ, ಗಬ್ಬೂರು ಮೇಲೆ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಸಿರವಾರದ ಕಡೆ ತಿರುಗಿ ಮಾನ್ವಿ ಸೇರಿ, ಮತ್ತೆ ರಾಯಚೂರಿಗೆ ಬಂದರೆ ಸುಮಾರು 150 ಕಿ.ಮೀ. ಆಗುತ್ತದೆ. ಬಂಡಿಯವನಿಗೆ ಇದು ಐದಾರು ದಿನದ ದಾರಿ. ಗಟ್ಟಿ ಕಾಲಿನ ನಡಿಗೆಯವನಿಗೆ ನಾಲ್ಕೈದು ದಿನ. ದೂರ ಸೈಕಲ್ ತುಳಿದು ರೂಢಿಯಿರುವವರಿಗೆ ಒಂದು ಹಗಲು.

ಆ ಹಗಲಿನ ಮಾತಿಗೆ ಬರುವ ಮುನ್ನ ಇದೇ ನೆಲದಲ್ಲಿ ನಡೆದ ಒಂದು ದೊಡ್ಡ ಪಯಣವನ್ನು ನೆನೆಯಬೇಕು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿದ್ದ ರಾಯಚೂರಿನ ಮೇಲೆ ದಂಡೆತ್ತಿ ಬಂದ. ಆ ದಂಡಯಾತ್ರೆಯ ವಿವರವನ್ನು ಬರೆದಿಟ್ಟವನು ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್. ಅವನು ಕೊಡುವ ಸೈನ್ಯದ ಸಂಖ್ಯೆಗಳನ್ನು ಚರಿತ್ರೆಕಾರರು ಪೂರ್ತಿ ನಂಬುವುದಿಲ್ಲ. ನೆಲದ ವರ್ಣನೆಯನ್ನು ಮಾತ್ರ ರಾಯಚೂರು ಕಂಡವರು ಯಾರೂ ಅಲ್ಲಗಳೆಯಲಾರರು. ಎರಡು ದೊಡ್ಡ ನದಿಗಳ ನಡುವೆ ಊರು, ಸುತ್ತ ವಿಸ್ತಾರವಾದ ಬಯಲು, ಅದರಲ್ಲಿ ಕುಳ್ಳನೆಯ ಗಿಡಗಳನ್ನು ಬಿಟ್ಟರೆ ಮರವಿಲ್ಲ, ಅಲ್ಲಲ್ಲಿ ಭಾರಿ ಬಂಡೆಗಳು. ಐದು ಶತಮಾನಗಳ ಮೇಲೂ ಈ ಚಿತ್ರ ಅಷ್ಟೇನೂ ಬದಲಾಗಿಲ್ಲ.

ನೂನಿಜ್ ಬರೆದಿರುವುದರಲ್ಲಿ ಕದನಕ್ಕಿಂತ ಹೆಚ್ಚು ಕುತೂಹಲದ ಸಂಗತಿಯೊಂದಿದೆ. ದಂಡಿನೊಂದಿಗೆ ನೀರಿನ ತೊಗಲುಚೀಲ ಹೊತ್ತ ಹತ್ತು ಹನ್ನೆರಡು ಸಾವಿರ ಜನ ಹೊರಟಿದ್ದರಂತೆ. ಅವರು ನೀರು ಹುಡುಕಿ ತಂದು, ದಾರಿಯ ಬದಿಯಲ್ಲಿ ಅಲ್ಲಲ್ಲಿ ನಿಂತು, ನೀರು ತಂದುಕೊಡುವ ಆಳಿಲ್ಲದವರಿಗೆ ಕುಡಿಸುತ್ತಿದ್ದರು. ಬಾಯಾರಿ ಯಾರೂ ಸಾಯಬಾರದೆಂಬುದು ಉದ್ದೇಶ. ಇಲ್ಲಿಯೂ ಸಂಖ್ಯೆ ಉತ್ಪ್ರೇಕ್ಷೆಯಿರಬಹುದು, ವ್ಯವಸ್ಥೆ ಉತ್ಪ್ರೇಕ್ಷೆಯಲ್ಲ. ಬೇಸಿಗೆಯಲ್ಲಿ ಈ ಸೀಮೆ ದಾಟುವವರಿಗೆ ಶತ್ರುವಿಗಿಂತ ನೀರಡಿಕೆಯ ಭಯವೇ ದೊಡ್ಡದು ಎಂಬುದು ವಿಜಯನಗರದ ದಳವಾಯಿಗಳಿಗೆ ಗೊತ್ತಿತ್ತು. ಕದನ ನಡೆದದ್ದು ಮೇ ತಿಂಗಳಿನಲ್ಲಿ. ರಾಯಚೂರಿನ ಮೇ ಹೇಗಿರುತ್ತದೆ ಎಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ.

ರಾಯ ಬೀಡುಬಿಟ್ಟದ್ದು ರಾಯಚೂರಿನ ದಕ್ಷಿಣಕ್ಕೆ ಸುಮಾರು 5 ಕಿ.ಮೀ. ದೂರದ ಮಲಿಯಾಬಾದಿನಲ್ಲಿ. ಕಲ್ಲಿನ ಆನೆಗಳಿಗೆ ಹೆಸರಾದ ಊರು ಅದು.

ಉಗಿಬಂಡಿ ಬಿಟ್ಟ ಊರುಗಳು

1853ರ ಒಪ್ಪಂದದಂತೆ ನಿಜಾಮ ರಾಯಚೂರು ದೋಆಬನ್ನು ಇಂಗ್ಲಿಷರ ಕೈಗೆ ಒಪ್ಪಿಸಿದ. 1860ರಲ್ಲಿ ಅದು ಮರಳಿ ನಿಜಾಮನಿಗೆ ಬಂತು. ಮುಂದಿನ ದಶಕದಲ್ಲಿ ಮುಂಬಯಿಯ ಕಡೆಯಿಂದ ಜಿ.ಐ.ಪಿ. ರೈಲುಮಾರ್ಗ, ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆ ಬೆಳೆಯುತ್ತ ಬಂದು 1871ರಲ್ಲಿ ರಾಯಚೂರಿನಲ್ಲೇ ಕೂಡಿದವು. ಎರಡು ಮಹಾನಗರಗಳು ಕೈಕುಲುಕಿದ ಜಾಗ ಇದು ಎಂದು ಊರಿನವರು ಹೆಮ್ಮೆಪಡುವುದು ಸರಿಯೇ. ಆದರೆ ದೇವದುರ್ಗ ಮತ್ತು ಮಾನ್ವಿ ಆ ಹೆಮ್ಮೆಯ ಹೊರಗೇ ಉಳಿದವು. ಇಪ್ಪತ್ತನೆಯ ಶತಮಾನ ಮುಗಿದರೂ ಈ ಎರಡು ಊರುಗಳಿಗೆ ರೈಲು ಬರಲಿಲ್ಲ. ರಾಯಚೂರು ಸ್ಟೇಷನ್ನಿನಲ್ಲಿ ಇಳಿದ ಮನುಷ್ಯನಿಗೆ ಮುಂದಿನದು ಬಂಡಿ, ಕುದುರೆ ಇಲ್ಲವೇ ಕಾಲು. ಬಸ್ಸು ಬಂದ ಮೇಲೂ ಅದು ಮುಟ್ಟಿದ್ದು ದೊಡ್ಡ ಊರುಗಳನ್ನು. ಬಸ್ಸು ಇಳಿದ ಮೇಲಿನ ಎರಡು ಮೂರು ಹರದಾರಿಯನ್ನು ದಾಟಿಸಿದ್ದು ಸೈಕಲ್.

ಸೈಕಲ್ಲಿನ ಹುಟ್ಟು ಬಲು ದೂರದ್ದು. ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬ ಅರಣ್ಯಾಧಿಕಾರಿ ಎರಡು ಗಾಲಿಯ ಮರದ ಯಂತ್ರದ ಮೇಲೆ ಕುಳಿತು, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಿದ. ಅದಕ್ಕೆ ಪೆಡಲ್ ಇರಲಿಲ್ಲ. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಗಾಲಿಗೆ ಪೆಡಲ್ ಬಂತು. ಆಮೇಲೆ ಮುಂದಿನ ಗಾಲಿ ಆಳೆತ್ತರ, ಹಿಂದಿನದು ತಟ್ಟೆಯಷ್ಟು ಎಂಬಂಥ ವಿಚಿತ್ರ ಯಂತ್ರದ ಕಾಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿಗಳನ್ನು ಹೆಚ್ಚುಕಡಿಮೆ ಒಂದೇ ಅಳತೆಗೆ ತಂದು, ಚೈನಿನ ಮೂಲಕ ಹಿಂದಿನ ಗಾಲಿಯನ್ನು ತಿರುಗಿಸಿದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ. ಇಂದಿಗೂ ಊರಿನ ಸಂತೆಗೆ ಬರುವ ಸೈಕಲ್ ಮೂಲತಃ ಇದೇ.

ಆಳೆತ್ತರದ ಗಾಲಿಯ ಸೈಕಲ್ಲಿನಲ್ಲಿಯೇ ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರವರೆಗೆ ಜಗತ್ತು ಸುತ್ತಿದ. ಭಾರತದಲ್ಲಿ ಅವನು ತುಳಿದದ್ದು ಉತ್ತರದ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು. ಭಾರತೀಯರ ಸರದಿ 1923ರಲ್ಲಿ ಬಂತು. ಮುಂಬಯಿಯ ಆರು ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಅದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು 1928ರಲ್ಲಿ ಪಯಣ ಮುಗಿಸಿ ಮರಳಿದರು. ಅವರ ಬೆನ್ನಿಗೇ 1924ರಲ್ಲಿ ಹೊರಟ ಫ್ರಾಮ್‌ರೋಜ್ ದಾವರ್ ಸಹಾರಾ ಮರುಭೂಮಿಯನ್ನೂ ಆಂಡೀಸ್ ಪರ್ವತವನ್ನೂ ಸೈಕಲ್ಲಿನೊಂದಿಗೆ ದಾಟಿದರು. ಆಗ ಮೌಂಟನ್ ಬೈಕ್ ಎಂಬ ಮಾತೇ ಹುಟ್ಟಿರಲಿಲ್ಲ. ತುಳಿಯಲಾಗದಲ್ಲಿ ನೂಕಿದರು, ನೂಕಲಾಗದಲ್ಲಿ ಹೊತ್ತರು. ಇವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಕಾಣದಿರುವುದು ವಿಷಾದದ ಸಂಗತಿ.

ಒಂದೇ ಹಲ್ಲಿನ ಲೆಕ್ಕ

ಸ್ವಾತಂತ್ರ್ಯದ ನಂತರ ಸೈಕಲ್ ಭಾರತದಲ್ಲೇ ತಯಾರಾಗತೊಡಗಿತು. 1949ರಲ್ಲಿ ಮದ್ರಾಸಿನಲ್ಲಿ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್, 1951ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಎಂಬ ಹೆಸರುಗಳು ಹಳ್ಳಿಹಳ್ಳಿಯ ಬಾಯಲ್ಲಿ ನೆಲೆಸಿದವು. ಶಾಲೆಯ ಮೇಷ್ಟ್ರು, ಅಂಚೆಯವ, ಹಾಲಿನವ, ಬಟ್ಟೆ ಗಂಟು ಕಟ್ಟಿಕೊಂಡು ಊರೂರು ತಿರುಗುವ ವ್ಯಾಪಾರಿ, ಎಲ್ಲರೂ ಸೈಕಲ್ ಸವಾರರಾದರು. ಸ್ವಂತ ಸೈಕಲ್ ಇಲ್ಲದವರಿಗೆ ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿ. ಸೈಕಲ್ಲಿಗೂ ಪುರಸಭೆಯ ಬಿಲ್ಲೆ ಬೇಕಿದ್ದ ಕಾಲವದು. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು.

ಬಯಲಿನಲ್ಲಿ ಟೆಂಟ್ ಹಾಕಿ, ಮೈಕ್ ಕಟ್ಟಿ, ಹಗಲೂ ರಾತ್ರಿ ಕೆಳಗಿಳಿಯದೆ ಸೈಕಲ್ ಸುತ್ತುವ ಸಾಹಸಿಗಳನ್ನು ಹಳಬರು ಇನ್ನೂ ನೆನೆಯುತ್ತಾರೆ. ಅವರ ಊಟ, ಸ್ನಾನ ಎಲ್ಲ ಸೈಕಲ್ ಮೇಲೆಯೇ. ವಾರ ಕಳೆದು ಇಳಿದ ದಿನ ಊರಿನವರು ಹಾರ ಹಾಕಿ, ಅಂಗಿಗೆ ನೋಟು ಚುಚ್ಚುತ್ತಿದ್ದರು. ಒಂದೇ ಜಾಗದಲ್ಲಿ ನೂರಾರು ಮೈಲಿ ಸುತ್ತುವುದು ಒಂದು ಬಗೆಯ ದೂರಪ್ರವಾಸವೇ ಅಲ್ಲವೆ?

ಈ ಕರಿ ಸೈಕಲ್ಲಿನ ಬಲವೂ ಮಿತಿಯೂ ಅದರ ಹಲ್ಲುಚಕ್ರದಲ್ಲಿದೆ. ಸಾಮಾನ್ಯವಾಗಿ ಪೆಡಲಿನ ಬಳಿಯ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಗಾಲಿಯ ಫ್ರೀವೀಲಿಗೆ 18 ಹಲ್ಲು ಇರುತ್ತವೆ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಅಂಗುಲದ ಗಾಲಿಯಾದ್ದರಿಂದ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿ.ಮೀ. ಸಮತಟ್ಟಾದ ನೆಲದಲ್ಲಿ ಇದು ಸೊಗಸಾದ ಲೆಕ್ಕ. ಏರು ಬಂದರೆ ಲೆಕ್ಕ ತಪ್ಪುತ್ತದೆ. ಒಂದು ಸುತ್ತಿಗೆ ಐದೂ ಕಾಲು ಮೀಟರಿಗಿಂತ ಹೆಚ್ಚು ದೂರ ತನ್ನ ಮೈಭಾರವನ್ನೂ ಕ್ಯಾರಿಯರಿನ ಮೂಟೆಯನ್ನೂ ಏರಿಸಬೇಕಾದ ಸವಾರ ಸೀಟಿನಿಂದ ಎದ್ದು ನಿಲ್ಲುತ್ತಾನೆ, ಪೆಡಲ್ ಮೇಲೆ ಪೂರ್ತಿ ತೂಕ ಬಿಡುತ್ತಾನೆ, ಕೊನೆಗೆ ಇಳಿದು ನೂಕುತ್ತಾನೆ. ಕೋಟೆಯ ಗೋಡೆಯ ಚಿತ್ರದ ಆಳುಗಳ ಪಾಡೇ ಅವನದು.

ಈ ತೊಡಕಿಗೆ ಪರಿಹಾರ ಕಂಡುಹಿಡಿದವರು ಏರುವುದಕ್ಕಾಗಿ ಹುಡುಕಿದವರಲ್ಲ, ಇಳಿಯುವ ಹುಚ್ಚಿನವರು ಎಂಬುದು ತಮಾಷೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ತರುಣರು 1930ರ, 40ರ ದಶಕದ ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ತಂದು, ಟಮಾಲ್‌ಪೈಸ್ ಬೆಟ್ಟದ ಆಸುಪಾಸಿನ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಪಂದ್ಯದ ಹೆಸರು ರೀಪ್ಯಾಕ್. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಗಾಲಿಯ ಬ್ರೇಕ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು. ಇಳಿದ ಮೇಲೆ ಮತ್ತೆ ಹತ್ತಬೇಕಲ್ಲ, ಅದಕ್ಕಾಗಿ ಗೇರುಗಳನ್ನು ಕೂಡಿಸಿದರು. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳೊಂದಿಗೆ ವ್ಯಾಪಾರ ಆರಂಭಿಸಿ, ಮೌಂಟನ್ ಬೈಕ್ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಆಟವಾಗಿತ್ತು.

ಗೇರಿನ ಗುಟ್ಟು ಸರಳ. ಮುಂದೆ 24 ಹಲ್ಲು, ಹಿಂದೆ 34 ಹಲ್ಲು ಬರುವಂತೆ ಚೈನನ್ನು ಸರಿಸಿದರೆ ಪೆಡಲಿನ ಒಂದು ಸುತ್ತಿಗೆ 26 ಅಂಗುಲದ ಗಾಲಿ ಒಂದು ಸುತ್ತೂ ಪೂರ್ತಿ ತಿರುಗುವುದಿಲ್ಲ. ಸೈಕಲ್ ಸಾಗುವುದು ಒಂದೂವರೆ ಮೀಟರ್ ಮಾತ್ರ. ಕರಿ ಸೈಕಲ್ಲಿಗೆ ಹೋಲಿಸಿದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ವೇಗವೂ ಅಷ್ಟೇ ಇಳಿದು ಗಂಟೆಗೆ 5 ಕಿ.ಮೀ. ಆಗುತ್ತದೆ, ಎಂದರೆ ನಡಿಗೆಯ ವೇಗ. ಯಂತ್ರ ಶ್ರಮವನ್ನು ಕಡಿಮೆ ಮಾಡಿಲ್ಲ, ಸಣ್ಣ ಸಣ್ಣ ಕಂತುಗಳಾಗಿ ಹಂಚಿದೆ. ಸಾಲ ತೀರಿಸಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಕರ್ನಾಟಕಕ್ಕೂ ಈ ಗಾಳಿ ಬೀಸಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಮೊದಲಿಂದಲೂ ಸೈಕ್ಲಿಂಗ್ ಪಟುಗಳಿಗೆ ಹೆಸರಾದವು. 2008ರಲ್ಲಿ ಬೆಂಗಳೂರಿನಿಂದ ನೀಲಗಿರಿಗೆ ಹಲವು ದಿನಗಳ ಸೈಕಲ್ ಪ್ರವಾಸ ಆರಂಭವಾಯಿತು. 2022ರಲ್ಲಿ ಗದುಗಿನ ಬಳಿ ರಾಷ್ಟ್ರಮಟ್ಟದ ಮೌಂಟನ್ ಬೈಕ್ ಪಂದ್ಯ ನಡೆಯಿತು. ರಾಯಚೂರಿನ ಬಂಡೆಗಳ ಸರದಿ ಇನ್ನೂ ಬಂದಿಲ್ಲ.

ಹಗಲೊಂದರ ಸವಾರಿ

ಸೂರ್ಯ ಹುಟ್ಟಿ ಮುಳುಗುವುದರೊಳಗೆ ಎಷ್ಟು ದೂರ ಎಂಬ ಪಂಥವನ್ನು ಸೈಕಲ್ಲಿಗೆ ಕಟ್ಟಿದವರು ಇಟಲಿಯವರು. 1897ರ ಜೂನ್ 12ರಂದು, ಡ್ರೈಸ್ ಸವಾರಿಗೆ ಸರಿಯಾಗಿ 80 ವರ್ಷವಾದ ದಿನ, ಹನ್ನೆರಡು ಮಂದಿ ಹಗಲಿನ ಬೆಳಕಿನಲ್ಲೇ ರೋಮಿನಿಂದ ನೇಪಲ್ಸ್ ನಗರದವರೆಗೆ 230 ಕಿ.ಮೀ. ತುಳಿಯಲು ಹೊರಟರು. ಅದರಿಂದ ಬೆಳೆದುಬಂದ ಪದ್ಧತಿಯಲ್ಲಿ 200 ಕಿ.ಮೀ. ದೂರಕ್ಕೆ ಇಂದು ಹದಿಮೂರೂವರೆ ಗಂಟೆ ಕೊಡುತ್ತಾರೆ. ಮೊದಲು ಬಂದವರಿಗೆ ಬಹುಮಾನವಿಲ್ಲ, ವೇಳೆಯೊಳಗೆ ಬಂದರೆ ಸಾಕು. ರಾಯಚೂರಿನ 150 ಕಿ.ಮೀ. ಸುತ್ತು ಈ ಲೆಕ್ಕದೊಳಗೆ ಬರುತ್ತದೆ.

ಮುಂಜಾನೆ ಐದಕ್ಕೆ ಕೋಟೆಯ ಬಳಿಯಿಂದ ಹೊರಟರೆ ಕಲಮಲ ದಾಟುವಾಗ ಬೆಳಕು ಹರಿಯುತ್ತದೆ. ಚಳಿಗಾಲವಾದರೆ ಗಾಳಿ ಸಾಮಾನ್ಯವಾಗಿ ಪೂರ್ವದ ಕಡೆಯದು. ಪಶ್ಚಿಮಕ್ಕೆ ಹೋಗುವವರ ಬೆನ್ನಿಗೆ ಅದು ನೂಕುತ್ತದೆ. ಮುಂಗಾರಿನಲ್ಲಿ ಇದು ತಿರುವುಮುರುವು. ಜೂನ್, ಜುಲೈ ತಿಂಗಳಿನ ಪಡುವಣ ಗಾಳಿಗೆ ಎದುರಾಗಿ ದೇವದುರ್ಗದ ಕಡೆ ತುಳಿಯುವುದೆಂದರೆ ಕಾಣದ ಬೆಟ್ಟವೊಂದನ್ನು ಹತ್ತಿದಂತೆ.

ಇದು ಬೆಟ್ಟದ ನಾಡೇ ಎಂಬ ಪ್ರಶ್ನೆ ಸಹಜ. ಸಹ್ಯಾದ್ರಿಯ ಎತ್ತರ ಇಲ್ಲಿಲ್ಲ. ರಾಯಚೂರು ಕೋಟೆಯ ನಡುವಿನ ಗುಡ್ಡ ಬಯಲಿನಿಂದ ಏಳುವುದು 290 ಅಡಿ. ಆದರೆ ಈ ನೆಲದ ಗುಣವೇ ಬೇರೆ. ಕೋಟಿಗಟ್ಟಲೆ ವರ್ಷಗಳಲ್ಲಿ ಮಳೆ, ಬಿಸಿಲುಗಳಿಗೆ ಮೆದು ಭಾಗ ಸವೆದು, ಗಟ್ಟಿ ಕಣಶಿಲೆ ಗುಪ್ಪೆಗುಪ್ಪೆಯಾಗಿ ಉಳಿದಿದೆ. ಒಂದರ ಮೇಲೊಂದು ಇಟ್ಟಂತೆ ಕಾಣುವ ಬಂಡೆಗಳನ್ನು ಯಾರೂ ಇಟ್ಟದ್ದಲ್ಲ. ಈ ಗುಡ್ಡಗಳ ನಡುವೆ ಹಳ್ಳಗಳು ಕೃಷ್ಣೆಗೂ ತುಂಗಭದ್ರೆಗೂ ಹರಿಯುತ್ತವೆ. ಹಳ್ಳಕ್ಕೆ ಇಳಿ, ದಡಕ್ಕೆ ಹತ್ತು, ದಿಣ್ಣೆ ಏರು, ಮತ್ತೆ ಇಳಿ. ಒಂದೊಂದೂ ಸಣ್ಣದು. ದಿನದ ಕೊನೆಗೆ ಕೂಡಿಸಿದರೆ ಸವಾರನ ತೊಡೆಗಳು ಮೊತ್ತ ಹೇಳುತ್ತವೆ.

ಡಾಂಬರು ಬಿಟ್ಟು ಕಾಲುದಾರಿಗೆ ಇಳಿದರೆ ಇನ್ನೆರಡು ಶತ್ರುಗಳು. ಒಂದು ಯರೆ ಮಣ್ಣು. ಒಣಗಿದಾಗ ಬಿರುಕು ಬಿಟ್ಟು ಗಾಲಿಯನ್ನು ಹಿಡಿಯುವ ಈ ಕಪ್ಪು ನೆಲ, ನಾಲ್ಕು ಹನಿ ಬಿದ್ದರೆ ಅಂಟಾಗುತ್ತದೆ. ಟೈರಿಗೆ ಮೆತ್ತಿದ ಮಣ್ಣು ಮಡ್‌ಗಾರ್ಡಿನಲ್ಲಿ ಸಿಕ್ಕಿ ಗಾಲಿ ನಿಂತೇ ಹೋಗುತ್ತದೆ. ಕಡ್ಡಿಯಿಂದ ಕೆತ್ತಿ ಕೆತ್ತಿ ಸಾಕಾದ ರೈತರು ಸೈಕಲ್ಲನ್ನು ಹೆಗಲಿಗೇರಿಸುವ ದೃಶ್ಯ ಈ ಭಾಗದವರಿಗೆ ಹೊಸದಲ್ಲ. ಕೆಂಪು ಮಸಾರಿ ನೆಲ ಅಷ್ಟು ಕಾಡುವುದಿಲ್ಲ. ಎರಡನೆಯ ಶತ್ರು ಬಳ್ಳಾರಿ ಜಾಲಿ. ಹೊರದೇಶದಿಂದ ತಂದು ಬೆಳೆಸಿದ ಈ ಗಿಡದ ಮುಳ್ಳು ಟೈರು, ಟ್ಯೂಬು ಎರಡನ್ನೂ ದಾಟುತ್ತದೆ. ಎಷ್ಟು ದುಬಾರಿಯ ಸೈಕಲ್ಲೇ ಇರಲಿ, ಪಂಕ್ಚರ್ ತಿದ್ದುವ ಸಾಮಾನು ಇಲ್ಲದೆ ಈ ಕಡೆ ಬರುವವರು ಜಾಣರಲ್ಲ.

ಗಬ್ಬೂರು ಹಳೆಯ ದೇಗುಲಗಳ, ಶಾಸನಗಳ ಊರು. ನಿಂತು ನೋಡುವವರಿಗೆ ಅರ್ಧ ದಿನವೂ ಸಾಲದು, ಸೈಕಲ್ಲಿನವರಿಗೆ ಇಲ್ಲಿ ಸಿಗುವುದು ಒಂದು ಚಹದ ಹೊತ್ತು. ಚಹದಂಗಡಿಯ ಕಟ್ಟೆಯಲ್ಲಿ ಕೂತವರು ಗೇರಿನ ಸೈಕಲ್ ಕಂಡರೆ ಸುಮ್ಮನಿರುವುದಿಲ್ಲ. "ಯಾ ಊರ್ರೀ ನಿಮ್ದು? ಎಷ್ಟ್ ಬಿದ್ದೈತ್ರೀ ಈ ಸೈಕಲ್ಲಿಗೆ?" ಬೆಲೆ ಕೇಳಿದ ಮೇಲೆ ಬರುವ ಮಾತು ಇನ್ನೊಂದು: "ಅಷ್ಟ್ ರೊಕ್ಕಕ್ಕ ಮೋಟಾರ್ ಸೈಕಲ್ಲೇ ಬರ್ತಿತ್ತಲ್ರೀ!" ಇದಕ್ಕೆ ಒಪ್ಪುವಂಥ ಉತ್ತರವನ್ನು ಯಾವ ಸವಾರನೂ ಕೊಟ್ಟಿರಲಾರ.

ಒಂಬತ್ತರ ಸುಮಾರಿಗೆ ದೇವದುರ್ಗ. ಹೆಸರೇ ಹೇಳುವಂತೆ ದುರ್ಗ, ಹಿಂದೆ ಬೇಡ ನಾಯಕರ ನೆಲೆ. ಗುಡ್ಡಗಾಡಿನ ಒಳದಾರಿಗಳನ್ನು ಬಲ್ಲವರಿಗೆ ದೊಡ್ಡ ಸೈನ್ಯಗಳ ಭಯ ಕಡಿಮೆ. ಬಂಡಿ, ತೋಪು ಹೋಗದ ಕಡೆ ಕಾಲಾಳು ಹೋಗುತ್ತಾನೆ. ಇದೇ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಅವರ ಗುರು ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಹದಿನೆಂಟನೆಯ ಶತಮಾನದ ಈ ದಾಸರ ಊರುಗಳು ಒಂದರಿಂದ ಒಂದಕ್ಕೆ ಒಂದೆರಡು ದಿನದ ನಡಿಗೆಯಷ್ಟು ದೂರ. ಗೆಜ್ಜೆ, ತಂಬೂರಿ ಹಿಡಿದು ನಡೆದವರ ದಾರಿಯಲ್ಲೇ ಸೈಕಲ್ ಹೊರಳುತ್ತದೆ.

ದೇವದುರ್ಗದಿಂದ ಸಿರವಾರದ ಕಡೆಗೆ ಹೊರಳಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಒಂದೆಡೆ, ಮುಂದೆ ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆಯ ನೀರು. ನೂನಿಜ್ ಕಂಡ ಮರವಿಲ್ಲದ ಬಯಲಿನಲ್ಲಿ ಈಗ ಭತ್ತದ ಗದ್ದೆ. ಕಾಲುವೆಯ ಏರಿಯ ಮೇಲಿನ ಮಣ್ಣುದಾರಿ ಸಮತಟ್ಟು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಗುಡ್ಡವನ್ನು ಸುತ್ತಿ ಬಳಸಿ ಹೋಗುವ ಕಾಲುವೆಗೆ ಏರಿಳಿತ ಆಗಿಬರುವುದಿಲ್ಲ. ನೀರಿಗೆ ಯಾವುದು ಹಿತವೋ ಗಾಲಿಗೂ ಅದೇ ಹಿತ.

ಮಧ್ಯಾಹ್ನ ಒಂದರ ಹೊತ್ತಿಗೆ ಮಾನ್ವಿ. ಇಲ್ಲಿ ಎರಡು ಮೂರು ತಾಸು ನೆರಳು ಹಿಡಿದು ಕೂರುವುದು ವಿವೇಕ. ಬಂಡಿಯವರು ನೊಗ ಇಳಿಸುತ್ತಿದ್ದ ಹೊತ್ತು ಇದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಸವಾರನ ಮೈಯಿಂದ ಬೆವರಾಗಿ ಹೋಗುವ ನೀರನ್ನು ಎರಡು ಬಾಟಲಿಗಳು ತುಂಬಿಕೊಡಲಾರವು. ಬೇಸಿಗೆಯ ಸವಾರಿ ಸಾಹಸವಲ್ಲ, ಹುಂಬತನ.

ಸವಾರಿಯ ಹವ್ಯಾಸಿಗಳು ಕಾಣದೆ ಹೋಗುವ ಒಂದು ಸಂಗತಿ ಇದೇ ದಾರಿಯಲ್ಲಿದೆ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟಾಗ ಹಳ್ಳಿಗಳ ಕಡೆ ಹೊರಡುವ ಮಕ್ಕಳ ಗುಂಪು. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಹುಡುಗಿಯರಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಆಮೇಲೆ ಹುಡುಗರಿಗೂ ವಿಸ್ತರಿಸಿತು. ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಶಾಲೆ, ಪ್ರೌಢಶಾಲೆ ಮೂರು ನಾಲ್ಕು ಕಿ.ಮೀ. ಆಚೆ. ಓದು ನಿಲ್ಲುತ್ತಿದ್ದದ್ದು ಬಹುಮಟ್ಟಿಗೆ ಈ ಮೂರು ನಾಲ್ಕು ಕಿ.ಮೀ. ಅಂತರದಲ್ಲಿ. 2011ರ ಜನಗಣತಿಯಲ್ಲೂ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸಿನಲ್ಲಿತ್ತು, ಹೆಣ್ಣುಮಕ್ಕಳದು ಶೇ 50ಕ್ಕೂ ಕಡಿಮೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತದ್ದು ದೇಶದ ಗಮನ ಸೆಳೆದಿತ್ತು. ಅಕ್ಷರಕ್ಕೂ ಗಾಲಿಗೂ ನಂಟಿದೆ ಎಂದು ಅಲ್ಲಿನವರು ತೋರಿಸಿಕೊಟ್ಟರು. ಕರ್ನಾಟಕದ ಯೋಜನೆಯಲ್ಲಿ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳು ಇಲ್ಲದಿರಲಿಲ್ಲ. ಕೋವಿಡ್ ಬಂದ 2020ರಲ್ಲಿ ವಿತರಣೆ ನಿಂತಿತು. ಬೆಟ್ಟ ಹತ್ತುವ ಸೈಕಲ್ಲಿಗೆ ಲಕ್ಷ ರೂಪಾಯಿ ಕೊಡುವವರಿರುವ ನಾಡಿನಲ್ಲಿ ಶಾಲೆಗೆ ಹೋಗುವ ಹುಡುಗಿಯ ಸೈಕಲ್ ಉಳಿತಾಯದ ಬಾಬಿಗೆ ಸೇರಿದ್ದನ್ನು ಸುಲಭವಾಗಿ ಒಪ್ಪಲಾಗದು.

ಆ ಮಕ್ಕಳ ಸೈಕಲ್ಲಿಗೂ ಒಂದೇ ಗೇರು. ಹಿಂದೆ ಕ್ಯಾರಿಯರಿನಲ್ಲಿ ತಂಗಿಯೋ ಗೆಳತಿಯೋ, ಹ್ಯಾಂಡಲ್ಲಿನಲ್ಲಿ ಪಾಟಿಚೀಲ. ಹಳ್ಳದ ಏರು ಬಂದಾಗ ಹಿಂದಿನವಳು ಇಳಿದು ನೂಕುತ್ತಾಳೆ, ದಿಣ್ಣೆಯ ಮೇಲೆ ಮತ್ತೆ ಹತ್ತುತ್ತಾಳೆ.

ಮಾನ್ವಿಯಿಂದ ರಾಯಚೂರಿಗೆ ಉಳಿಯುವುದು 45 ಕಿ.ಮೀ. ಸುಮಾರು. ಚಳಿಗಾಲವಾದರೆ ಬೆಳಿಗ್ಗೆ ಬೆನ್ನು ನೂಕಿದ ಗಾಳಿಯೇ ಈಗ ಎದುರು. ದಿನದ ಅತ್ಯಂತ ನಿಧಾನದ ತಾಸುಗಳು ಇವು. ವಿಠ್ಠಲನಾಥನ ದಂಡು ಮಾನುವವನ್ನು ಗೆದ್ದ ಮೇಲೆ ರಾಯಚೂರಿನತ್ತ ಬಂದದ್ದು ಈ ಬಯಲನ್ನೇ ಹಾಯ್ದು. ಕೆಲವು ಗುಡ್ಡಗಳ ಮಗ್ಗುಲಲ್ಲಿ ಕಲ್ಲು ಒಡೆದ ಹೊಸ ಗಾಯಗಳು ಬಿಳಿಯಾಗಿ ಕಾಣುತ್ತವೆ. ಜಲ್ಲಿ ಹೊತ್ತ ಲಾರಿ ಬಂದರೆ ಸೈಕಲ್ ರಸ್ತೆಯ ಅಂಚಿಗೆ ಸರಿಯುತ್ತದೆ. 41 ಅಡಿಯ ಕಲ್ಲನ್ನು ಇಡಿಯಾಗಿ ತರಲು ಸಾಲುಸಾಲು ಕೋಣಗಳು ಬೇಕಾಗಿದ್ದವು. ಪುಡಿ ಮಾಡಿ ಒಯ್ಯಲು ಒಬ್ಬ ಡ್ರೈವರ್ ಸಾಕು.

ಏಳರ ಹೊತ್ತಿಗೆ ರಾಯಚೂರಿನ ದೀಪಗಳು ಹತ್ತಿರುತ್ತವೆ. ಕೋಟೆಯ ಗೋಡೆಯ ಬದಿಯಲ್ಲಿ ಸಂಜೆಯ ಗದ್ದಲ, ತಳ್ಳುಗಾಡಿಗಳು, ಆಟೋಗಳು. ಚಪ್ಪಡಿಯ ಮೇಲಿನ ಗೆರೆಗಳು ಆ ಬೆಳಕಿನಲ್ಲಿ ಕಾಣುವುದಿಲ್ಲ. ಅವನ್ನು ನೋಡಬೇಕೆಂದರೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಬರಬೇಕು.